ಭಾನುವಾರ ಮರ ಕಡಿದರು, ಮಂಗಳವಾರ ಟೈಲ್ಸ್ ಹಾಕಿದರು. ಈಗ ಏನು ಮಾಡೋದು?

ಹೊಂಗೆನೆರಳು (ಬುಧವಾರ, ರಾತ್ರಿ 9:40)

ಬೆಂಗಳೂರಿನ ದಕ್ಷಿಣದ ಕಡೆ ಒಂದು ಹಳೇ ಲೇಔಟ್ ನಮ್ಮದು. ಮೂಲೆ ಸೈಟಿನಲ್ಲಿದ್ದ ಹೆಂಚಿನ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸಿದ್ದಾರೆ, ಕೆಳಗಡೆ ಅಂಗಡಿ. ಅದರ ಮುಂದೆ ಫುಟ್‌ಪಾತಿನಲ್ಲಿ ಒಂದು ಹೊಂಗೆ ಮರ ಇತ್ತು. ನಾವು ಇಲ್ಲಿಗೆ ಬಂದಾಗ ಅದು ನನ್ನ ಭುಜದಷ್ಟು ಎತ್ತರ. ಈಗ ನಾಲ್ಕು ಸ್ಕೂಟರ್, ಒಂದು ಎಳನೀರು ಗಾಡಿ, ಇಸ್ತ್ರಿ ಮಾಡುವವರ ಮೇಜು, ಎಲ್ಲ ಅದರ ನೆರಳಲ್ಲೇ ಇರುತ್ತಿದ್ದವು.

ಭಾನುವಾರ ಬೆಳಗ್ಗೆ ಆರೂಕಾಲಿಗೆ ಸದ್ದು. ಯಾರದೋ ಜನರೇಟರ್ ಅಂದುಕೊಂಡು ಮಗ್ಗುಲಾದೆ. ಏಳಕ್ಕೆ ಹಾಲಿಗೆ ಹೋದರೆ ಅರ್ಧ ಮರ ರಸ್ತೆಯಲ್ಲಿ ಬಿದ್ದಿದೆ. ನಾಲ್ಕು ಜನ, ಒಂದು ಚೈನ್‌ಸಾ, ಒಂದು ಟಿಪ್ಪರ್. ಕೇಳಿದರೆ "ಪರ್ಮಿಷನ್ ಇದೆ ಮೇಡಂ, ಬರೀ ಕೊಂಬೆ ಕಟಿಂಗು" ಅಂತ ಫೋನಿನಲ್ಲಿ ಒಂದು ಪತ್ರದ ಫೋಟೋ ತೋರಿಸಿದರು. ನಾನು ಓದಿದ್ದು ಒಂದೇ ಸಾಲು, "ವಿದ್ಯುತ್ ತಂತಿಗೆ ತಾಗುವ ರೆಂಬೆಗಳ ತೆರವು". ಅಷ್ಟರಲ್ಲಿ ಫೋನ್ ಕಿತ್ತುಕೊಂಡರು. ಒಂಬತ್ತಕ್ಕೆ ಬೊಡ್ಡೆ ಮಾತ್ರ ಉಳಿದಿತ್ತು. ಸೋಮವಾರ ಜೆಸಿಬಿ ಬಂದು ಬೊಡ್ಡೆಯನ್ನೂ ಕಿತ್ತಿತು. ಮಂಗಳವಾರ ಸಿಮೆಂಟ್ ಮೇಲೆ ಕೆಂಪು, ಬೂದು ಟೈಲ್ಸ್. ಇಷ್ಟು ಚುರುಕಾಗಿ ನಮ್ಮ ಬೀದಿಯಲ್ಲಿ ಇನ್ಯಾವ ಕೆಲಸವೂ ಆಗಿದ್ದು ನಾನು ನೋಡಿಲ್ಲ.

ಇವತ್ತು ಪಾಲಿಕೆ ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರು ಒರಟಾಗೇನೂ ಮಾತಾಡಲಿಲ್ಲ. ಆದರೆ ಕೇಳಿದ ಪ್ರಶ್ನೆ ಇದು: "ಆ ಜಾಗದಲ್ಲಿ ಮರ ಇತ್ತು ಅನ್ನೋದಕ್ಕೆ ಏನು ದಾಖಲೆ ಇದೆ?" ಉತ್ತರ ಕೊಡಲು ಆಗಲಿಲ್ಲ. ಮೂವತ್ತು ವರ್ಷ ನೋಡಿದ್ದೇನೆ ಅಂದರೆ ಅದು ದಾಖಲೆ ಆಗುತ್ತಾ?

ಇಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಕಾಫಿಬೈಟು

ಮಂಗಳವಾರ ಟೈಲ್ಸ್! ನಮ್ಮ ಬೀದಿ ಅಗೆದು ಎಂಟು ತಿಂಗಳಾಯಿತು. ಆ ಕಂಟ್ರಾಕ್ಟರ್ ನಂಬರ್ ಸ್ವಲ್ಪ ಕೊಡಿ.

ತಮಾಷೆ ಬಿಡಿ, ಬೇಜಾರಾಯಿತು ಓದಿ.

ನಿವೃತ್ತಖಾಕಿ

ಮೇಡಂ, ನಾನು ಅರಣ್ಯ ಇಲಾಖೆಯಲ್ಲಿ ಇದ್ದವನು. ನಗರದಲ್ಲೂ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಮೊದಲು ಒಂದು ಮಾತು. ನಿಮ್ಮ ಬೀದಿಯ ಅಕ್ಕಪಕ್ಕದ ಸಿಸಿಟಿವಿ ಇವತ್ತೇ ನೋಡಿ, ನಾಳೆ ಅಲ್ಲ. ಮನೆಗಳಲ್ಲಿ ಹಾಕಿಸುವ ಕ್ಯಾಮೆರಾ ಬಹಳಷ್ಟು ಕಡೆ ಏಳು ದಿನಕ್ಕೋ ಹತ್ತು ದಿನಕ್ಕೋ ಹಳೆಯದನ್ನು ಅಳಿಸಿಬಿಡುತ್ತದೆ. ನಿಮ್ಮ ಲೆಕ್ಕದಲ್ಲಿ ನಾಲ್ಕು ದಿನ ಆಗಲೇ ಹೋಗಿದೆ.

ಈಗ ಕಾನೂನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವ ಹಾಗಿಲ್ಲ. ನಿಮ್ಮದೇ ಕಾಂಪೌಂಡಿನ ಮರ ಆದರೂ ಅಷ್ಟೇ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ತೆಂಗು ಹೀಗೆ ಕೆಲವಕ್ಕೆ ವಿನಾಯಿತಿ ಇದೆ, ಆದರೆ ರಸ್ತೆ ಬದಿಯ ಮರ ನಿಮ್ಮದೂ ಅಲ್ಲ ಅವರದೂ ಅಲ್ಲ, ಸಾರ್ವಜನಿಕರದು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. "ಕಡಿಯುವುದು" ಅಂದರೆ ಬುಡಕ್ಕೆ ಗರಗಸ ಇಡುವುದು ಮಾತ್ರ ಅಲ್ಲ ಅಂತ ಕಾಯ್ದೆಯೇ ಬಿಡಿಸಿ ಹೇಳುತ್ತದೆ. ಬುಲ್ಡೋಜರ್ ಹಾಯಿಸುವುದು, ತೊಗಟೆ ಸುತ್ತ ಸುಲಿಯುವುದು, ವಿಷ ಹಾಕುವುದು, ಸುಡುವುದು, ಎಲ್ಲ ಅದರಲ್ಲೇ ಬರುತ್ತದೆ.

ನಿಮ್ಮ ಬೀದಿಯಲ್ಲಿ ಆಗಿದ್ದು ಹಳೇ ಆಟ. ರೆಂಬೆ ಸವರಲು ಪತ್ರ ತೆಗೆದುಕೊಳ್ಳುತ್ತಾರೆ, ಅದನ್ನೇ ಜೇಬಿನಲ್ಲಿಟ್ಟುಕೊಂಡು ಮರ ಉರುಳಿಸುತ್ತಾರೆ. ರೆಂಬೆ ಪತ್ರಕ್ಕೂ ಮರ ತೆರವಿನ ಪತ್ರಕ್ಕೂ ಬಹಳ ವ್ಯತ್ಯಾಸ ಇದೆ. ತೆರವಿನ ಪತ್ರದಲ್ಲಿ ಮರದ ಜಾತಿ, ಸಂಖ್ಯೆ, ಜಾಗ, ಕಾರಣ, ಬದಲಿ ಗಿಡ ಎಲ್ಲಿ ನೆಡಬೇಕು ಎಲ್ಲ ಇರಬೇಕು. ಜೊತೆಗೆ ಸಾರ್ವಜನಿಕ ಮರದ ದಿಮ್ಮಿ ಯಾರೋ ಟಿಪ್ಪರಿನಲ್ಲಿ ಹಾಕಿಕೊಂಡು ಹೋಗುವುದಕ್ಕೆ ಬರುವುದಿಲ್ಲ. ಅದು ಸರ್ಕಾರದ ಸ್ವತ್ತು. ಹಾಗಾಗಿ ಮುಂದಿನ ಸಲ ಯಾರಾದರೂ ಫೋನಿನಲ್ಲಿ ಪತ್ರ ತೋರಿಸಿದರೆ ನಿಮ್ಮ ಫೋನಿನಿಂದ ಅವರ ಫೋನಿನ ಫೋಟೋ ತೆಗೆಯಿರಿ. ಅವರು ಬೇಡ ಅಂದರೆ ಅದೇ ನಿಮಗೆ ಉತ್ತರ.

ಭಾನುವಾರ ಯಾಕೆ ಅಂತ ಹೇಳಬೇಕಿಲ್ಲ ಅಲ್ವಾ. ಶನಿವಾರ ಸಂಜೆಯಿಂದ ಸೋಮವಾರ ಹತ್ತೂವರೆವರೆಗೆ ಕಚೇರಿಯ ಫೋನ್ ಎತ್ತಲು ಯಾರೂ ಇರುವುದಿಲ್ಲ. ಆಗ ಅರಣ್ಯ ಸಹಾಯವಾಣಿ 1926ಕ್ಕೆ ಮಾಡಿ, 112ಕ್ಕೂ ಮಾಡಿ. ಪೊಲೀಸರು ಬಂದು ಸುಮ್ನೆ ನಿಂತರೂ ಸಾಕು, ಚೈನ್‌ಸಾ ಆಫ್ ಆಗುತ್ತದೆ. ಮರ ನಿಂತಿರುವಾಗ ಆಗುವ ಕೆಲಸ ಮರ ಬಿದ್ದ ಮೇಲೆ ಆಗುವುದಿಲ್ಲ.

ಗರಗಸ

ಒಂದು ಹೊಂಗೆ ಮರಕ್ಕೆ ಇಷ್ಟು ರಾಮಾಯಣವಾ? ಮೆಟ್ರೋಗೆ, ರಸ್ತೆ ಅಗಲೀಕರಣಕ್ಕೆ ಸಾಲು ಸಾಲು ಹೋಗಿವೆ. ಅದಕ್ಕೆಲ್ಲ ಅನುಮತಿ ಇತ್ತು. ಸರ್ಕಾರ ಕಡಿದರೆ ಅಭಿವೃದ್ಧಿ, ಪಾಪ ಅಂಗಡಿಯವನು ಕಡಿದರೆ ಅಪರಾಧ. ಅವನು ಕೋಟಿ ಸುರಿದು ಕಟ್ಟಡ ಕಟ್ಟಿದ್ದಾನೆ, ಬೋರ್ಡ್ ಕಾಣಬೇಡವಾ?

ಕಾಫಿಬೈಟು

ಕೋಟಿ ಸುರಿದವರಿಗೆ ಮರದ ಪಕ್ಕಕ್ಕೆ ಬೋರ್ಡ್ ಹಾಕಲು ಎರಡು ಸಾವಿರ ಉಳಿದಿರಲಿಲ್ಲ ಪಾಪ.

ವಕಾಲತ್ತು

ಗರಗಸ ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದನ್ನು ಬದಿಗೆ ತಳ್ಳಬೇಡಿ. ಅನುಮತಿ ಇದ್ದರೆ ಸರಿ, ಇಲ್ಲದಿದ್ದರೆ ತಪ್ಪು ಅನ್ನುವುದು ಕಾನೂನಿನ ಲೆಕ್ಕ, ಮರದ ಲೆಕ್ಕ ಅಲ್ಲ. ಹಾಗಂತ ಅನುಮತಿ ಅನ್ನುವುದು ಸುಮ್ನೆ ಕಾಗದವೂ ಅಲ್ಲ. 50ಕ್ಕಿಂತ ಜಾಸ್ತಿ ಮರ ಕಡಿಯಬೇಕಾದರೆ ಸಾರ್ವಜನಿಕರಿಗೆ ನೋಟಿಸ್ ಕೊಟ್ಟು ಆಕ್ಷೇಪ ಕೇಳಬೇಕು ಅಂತ ನಮ್ಮ ಕಾಯ್ದೆಯಲ್ಲೇ ಇದೆ. ದೊಡ್ಡ ಯೋಜನೆಯನ್ನು ತುಂಡು ತುಂಡು ಮಾಡಿ 50ರ ಒಳಗೆ ಇಟ್ಟು ಅರ್ಜಿ ಹಾಕುತ್ತಾರೆ ಅನ್ನುವ ದೂರು ಹಳೆಯದು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಸ್ಟೀಲ್ ಫ್ಲೈಓವರ್ ಅಂತ ಹೊರಟಾಗ 812 ಮರ ಹೋಗುತ್ತದೆ ಅನ್ನುವ ಅಂಕಿ ಹೊರಗೆ ಬಂದಿದ್ದೇ ಜನ ಬೀದಿಗಿಳಿಯಲು ಒಂದು ಕಾರಣ. ಅಕ್ಟೋಬರಿನಲ್ಲಿ ಕೈ ಕೈ ಹಿಡಿದು ನಿಂತರು, 2017ರ ಮಾರ್ಚಿನಲ್ಲಿ ಯೋಜನೆ ಕೈಬಿಟ್ಟರು. ಅಂಕಿ ಇಲ್ಲದಿದ್ದರೆ ಯಾವುದಕ್ಕೆ ಅಂತ ನಿಲ್ಲುತ್ತಿದ್ದರು?

ಹೊಂಗೆನೆರಳು ಅವರಿಗೆ ಕೆಲಸದ ಮಾತು. ವೃಕ್ಷ ಕಾಯ್ದೆ ಬರೆದಾಗ ಇಟ್ಟ ಶಿಕ್ಷೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 1976ರಲ್ಲಿ ಸಾವಿರ ದೊಡ್ಡ ಮೊತ್ತ. ಇವತ್ತು ಆ ಚೈನ್‌ಸಾದವನ ಒಂದು ದಿನದ ಕೂಲಿ. ಹಾಗಾಗಿ ದೂರಿನಲ್ಲಿ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ರಸ್ತೆ ಬದಿಯ ಮರ ಸಾರ್ವಜನಿಕ ಆಸ್ತಿ. ಅದನ್ನು ಕಡಿದು ದಿಮ್ಮಿ ಸಾಗಿಸಿದರೆ ಕಳ್ಳತನ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ನೋಡಿ. ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಕದ್ದ ಮಾಲು 5000 ರೂಪಾಯಿಗಿಂತ ಕಡಿಮೆ, ಅವನದು ಮೊದಲ ತಪ್ಪು ಅಂತಾದರೆ ಅದು ಸಣ್ಣ ಪ್ರಕರಣ, ಪೊಲೀಸರು ತಾವಾಗಿ ಎಫ್‌ಐಆರ್ ಮಾಡಬೇಕಿಲ್ಲ. "ಸೌದೆ, ಎರಡು ಸಾವಿರ" ಅಂತ ಬರೆದುಬಿಟ್ಟರೆ ನಿಮ್ಮ ಕಥೆ ಮುಗಿಯಿತು. ಹಾಗಾಗಿ ಮೌಲ್ಯ ಎಷ್ಟು ಅಂತ ಅರಣ್ಯದವರ ಕೈಯಲ್ಲಿ ಬರೆಸಿ. ಸುತ್ತಳತೆ ಗೊತ್ತಿಲ್ಲದೆ ಅವರೂ ಮೌಲ್ಯ ಬರೆಯುವುದಿಲ್ಲ.

ಹೊಂಗೆನೆರಳು

ಸುತ್ತಳತೆ ಎಲ್ಲಿಂದ ತರಲಿ? ಬೊಡ್ಡೆಯೇ ಇಲ್ಲ.

ನಿವೃತ್ತಖಾಕಿ

ಅದಕ್ಕೇ ಅವರು ಬೊಡ್ಡೆ ಕಿತ್ತಿದ್ದು. ಮರ ಕಡಿದವನಿಗೆ ಆತುರ ಇರುವುದಿಲ್ಲ ಮೇಡಂ, ಬೊಡ್ಡೆ ಕೀಳುವವನಿಗೆ ಇರುತ್ತದೆ.

ಹಳೇ ಫೋಟೋ ಹುಡುಕಿ. ಮರದ ಪಕ್ಕ ಅಳತೆ ಗೊತ್ತಿರುವ ಏನಾದರೂ ಇರಬೇಕು. ಸ್ಕೂಟರ್, ವಿದ್ಯುತ್ ಕಂಬ, ಬಾಗಿಲು. ಅದರಿಂದ ಅಂದಾಜು ಮಾಡಬಹುದು.

ಎರಡನೇಮಹಡಿ

ನಾನು ಇನ್ನೊಂದು ಬದಿಯವನು, ಬೈಯಬೇಡಿ. ನಮ್ಮ ಮನೆ ಮುಂದೆ ಒಂದು ದೊಡ್ಡ ಗುಲ್‌ಮೊಹರ್. ಒಳಗೆ ಟೊಳ್ಳು. ಒಂದು ಕೊಂಬೆ ಮಳೆಗಾಲದಲ್ಲಿ ಪಕ್ಕದ ಮನೆಯವರ ಕಾರಿನ ಮೇಲೆ ಬಿತ್ತು. ಯಾರೂ ಒಳಗಿರಲಿಲ್ಲ, ದೇವರು ದೊಡ್ಡವನು. ಅವತ್ತಿಂದ ಅರ್ಜಿ ಕೊಡುತ್ತಿದ್ದೇನೆ. ಒಬ್ಬರು ಬಂದು ನೋಡಿ ಹೌದು ಅಪಾಯ ಇದೆ ಅಂದರು, ಹೋದರು. ಇನ್ನೊಬ್ಬರು ಬಂದು ಕ್ರೇನ್ ಇಲ್ಲ ಅಂದರು, ಹೋದರು. ಎಂಟು ತಿಂಗಳು. ಈ ನಡುವೆ ಒಬ್ಬ ಬಂದು "ಸಾರ್, ಹದಿನೆಂಟು ಸಾವಿರ ಕೊಡಿ, ಭಾನುವಾರ ಮುಗಿಸುತ್ತೇನೆ, ನೀವು ಊರಿಗೆ ಹೋಗಿಬನ್ನಿ" ಅಂದ. ಊರಿಗೆ ಹೋಗಿಬನ್ನಿ ಅಂದನಲ್ಲ, ಅದು ಇನ್ನೂ ಕಿವಿಯಲ್ಲಿದೆ.

ನಾನು ಕಡಿಸಲಿಲ್ಲ. ಆದರೆ ಕಡಿಸುವವರು ಎಲ್ಲರೂ ಕಳ್ಳರಲ್ಲ, ನೇರ ದಾರಿ ಮುಚ್ಚಿದ್ದಕ್ಕೆ ಭಾನುವಾರದ ದಾರಿ ಹಿಡಿದವರೂ ಇದ್ದಾರೆ. ದಂಡ ಜಾಸ್ತಿ ಮಾಡಿ ಅನ್ನುವವರು ಇದನ್ನೂ ಯೋಚಿಸಬೇಕು.

ನಿವೃತ್ತಖಾಕಿ

ಇದು ನಿಜ, ಒಪ್ಪುತ್ತೇನೆ. ಕೊಂಬೆ ತೆಗೆಯುವ ತಂಡ ಕಡಿಮೆ, ಮಳೆ ಬಂದ ದಿನ ಬಿದ್ದ ಮರ ಎತ್ತುವುದಕ್ಕೇ ಅವರು ಸಾಲುವುದಿಲ್ಲ. ಆದರೆ ಮರ ಟೊಳ್ಳಾಗಿದ್ದು ಯಾಕೆ ಅಂತಲೂ ಕೇಳಿ. ಬುಡದವರೆಗೆ ಕಾಂಕ್ರೀಟ್. ಚರಂಡಿಗೆ ಅಂತ ಒಂದು ಬದಿಯ ಬೇರು ಕತ್ತರಿಸಿರುತ್ತಾರೆ, ತಂತಿಗೆ ಅಂತ ಇನ್ನೊಂದು ಬದಿಯ ಕೊಂಬೆ ಕತ್ತರಿಸಿರುತ್ತಾರೆ. ಒಂದೇ ಕಡೆ ಭಾರ. ಬೀಳದೆ ಏನು ಮಾಡುತ್ತದೆ? ದೆಹಲಿಯಲ್ಲಿ 2013ರಲ್ಲೇ ಹಸಿರು ನ್ಯಾಯಮಂಡಳಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ ಆದೇಶ ಕೊಟ್ಟಿತ್ತು. ನಮ್ಮಲ್ಲಿ ಟೈಲ್ಸ್ ಹಾಕುವವರು ಕಾಂಡಕ್ಕೆ ಕಾಲರ್ ಹೊಲಿದ ಹಾಗೆ ಹಾಕುತ್ತಾರೆ.

ನಜರ್‌ಬಾದ್‌ನಡಿಗೆ

ಮೈಸೂರಿನಿಂದ ಒಂದು ಮಾತು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯಲ್ಲಿ 40 ಮರ ಒಂದೇ ರಾತ್ರಿ ಹೋಯಿತು. ರಸ್ತೆ ಅಗಲಕ್ಕೆ. ದಿನಾ ಬೆಳಗ್ಗೆ ಆ ಕಡೆ ನಡೆಯುತ್ತಿದ್ದೆ. ಅವತ್ತು ಅಲ್ಲಿಗೆ ಹೋದಾಗ ಏನೋ ತಪ್ಪಾಗಿದೆ ಅಂತ ಮೊದಲು ಗೊತ್ತಾಗಿದ್ದು ಬೆಳಕಿನಿಂದ. ಆ ಹೊತ್ತಿಗೆ ಆ ರಸ್ತೆಯಲ್ಲಿ ಅಷ್ಟು ಬೆಳಕು ಇರಲೇಬಾರದು. ಜನ ಸೇರಿದರು, ಬೊಡ್ಡೆಗಳ ಪಕ್ಕ ನಿಂತು ಪ್ರತಿಭಟನೆ ಮಾಡಿದೆವು. ಅನುಮತಿ ಇತ್ತು ಅಂದರು. ಇದ್ದಿರಬಹುದು. ಅನುಮತಿ ಇದ್ದವರು ರಾತ್ರಿ ಯಾಕೆ ಕಡಿಯುತ್ತಾರೆ ಅನ್ನುವುದು ನನ್ನ ಪ್ರಶ್ನೆ, ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ.

ಪರಮಟ್ಟಾಪುಟ್ಟಿ

ಸಿಡ್ನಿಯಿಂದ. ಇಲ್ಲಿ ಕೂಡ ಕದ್ದು ಮರ ಕೊಲ್ಲುತ್ತಾರೆ, ಕಾರಣ ಬೇರೆ. ಮನೆಯಿಂದ ನೀರು ಕಾಣಬೇಕು. ನೀರು ಕಂಡರೆ ಮನೆಯ ಬೆಲೆ ಏರುತ್ತದೆ. ಹಾಗಾಗಿ ರಾತ್ರಿ ಹೋಗಿ ಕಾಂಡಕ್ಕೆ ತೂತು ಹೊಡೆದು ವಿಷ ಸುರಿಯುತ್ತಾರೆ. ಯಾರು ಅಂತ ಬೀದಿಗೆಲ್ಲ ಅನುಮಾನ, ಸಾಕ್ಷಿ ಮಾತ್ರ ಇಲ್ಲ. ಅದಕ್ಕೆ ಕೆಲವು ಕೌನ್ಸಿಲ್‌ಗಳು ಏನು ಮಾಡುತ್ತವೆ ಗೊತ್ತಾ? ಸತ್ತ ಮರ ಹಾಗೇ ಬಿಡುತ್ತವೆ, ಇಲ್ಲಾ ಅದೇ ಜಾಗದಲ್ಲಿ "ಇಲ್ಲಿ ಮರಕ್ಕೆ ವಿಷ ಹಾಕಲಾಗಿದೆ" ಅಂತ ದೊಡ್ಡ ಬೋರ್ಡ್ ಅಡ್ಡ ನಿಲ್ಲಿಸುತ್ತವೆ. ನೋಟ ಮತ್ತೆ ಮುಚ್ಚಿತು. ಹೊಸ ಗಿಡ ಬೆಳೆಯುವವರೆಗೆ ಬೋರ್ಡ್ ಕದಲುವುದಿಲ್ಲ. ಕಳ್ಳ ಸಿಗದಿದ್ದರೂ ಕಳ್ಳತನದ ಲಾಭ ಸಿಗಬಾರದು ಅನ್ನುವ ಲೆಕ್ಕ.

ಕಾಫಿಬೈಟು

ಇದು ಚೆನ್ನಾಗಿದೆ! ಆ ಅಂಗಡಿ ಮುಂದೆ "ಇಲ್ಲೊಂದು ಹೊಂಗೆ ಮರ ಇತ್ತು" ಅಂತ ಹತ್ತಡಿ ಬೋರ್ಡ್. ಅವರ ಬೋರ್ಡ್ ಕಾಣಲ್ಲ, ನಮ್ಮದು ಕಾಣುತ್ತೆ.

ವಕಾಲತ್ತು

ನಮ್ಮಲ್ಲೂ ಔಟರ್ ರಿಂಗ್ ರೋಡ್ ಕಡೆ ಹೋರ್ಡಿಂಗ್ ಕಾಣಲಿ ಅಂತ ಮರಕ್ಕೆ ತೂತು ಹೊಡೆದು ಆಸಿಡ್ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ನಗರದ ಫ್ಲೆಕ್ಸ್, ಹೋರ್ಡಿಂಗ್ ಇಳಿಸಿದರಲ್ಲ, ಅದರಿಂದ ಮರಗಳಿಗೂ ಸ್ವಲ್ಪ ಉಪಕಾರ ಆಯಿತು ಅಂತ ನನ್ನ ಅನಿಸಿಕೆ. ಲಾಭದ ಕಾರಣ ಹೋದರೆ ಕಡಿಯುವ ಕಾರಣವೂ ಹೋಗುತ್ತದೆ.

ದಂಡದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಸಿಂಗಪುರದಲ್ಲಿ ಒಂದು ಮರಕ್ಕೆ 50,000 ಡಾಲರ್‌ವರೆಗೂ ಹೋಗಬಹುದು, ಅವರ ಡಾಲರ್. ನ್ಯೂಯಾರ್ಕಿನಲ್ಲಿ 15,000 ಡಾಲರ್‌ವರೆಗೆ, ಜೈಲೂ ಇದೆ. ನಮ್ಮ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಮಥುರಾ ವೃಂದಾವನದ ಹತ್ತಿರ ಒಂದೇ ಕಡೆ ಅಕ್ರಮವಾಗಿ ಕಡಿದ 454 ಮರಕ್ಕೆ ಮರವೊಂದಕ್ಕೆ ಒಂದು ಲಕ್ಷದಂತೆ ದಂಡ ಹಾಕಿತು. ಅಷ್ಟು ಮರ ಕೊಲ್ಲುವುದು ಮನುಷ್ಯರನ್ನು ಕೊಲ್ಲುವುದಕ್ಕಿಂತ ಕೆಟ್ಟದ್ದು ಅನ್ನುವ ಅರ್ಥದ ಮಾತನ್ನೂ ಹೇಳಿತು. ಮಾತಿಗಿಂತ ನನಗೆ ಮುಖ್ಯ ಅನಿಸಿದ್ದು 454 ಅನ್ನುವ ಸಂಖ್ಯೆ. "ಸುಮಾರು ನಾನೂರು" ಅಲ್ಲ, ನಾನೂರ ಐವತ್ತನಾಲ್ಕು. ಯಾರೋ ಎಣಿಸಿದ್ದಾರೆ, ಅದಕ್ಕೇ ಗುಣಾಕಾರ ಮಾಡಲು ಆಯಿತು.

ಎರಡೇ ತಿಂಗಳ ನಂತರ ಅದೇ ಕೋರ್ಟಿನಲ್ಲಿ ದೆಹಲಿಯ ರಿಡ್ಜ್ ಅನ್ನುವ ಕಾಡಿನ ಪ್ರಕರಣ. ರಸ್ತೆಗಾಗಿ ಸರ್ಕಾರಿ ಸಂಸ್ಥೆಯೇ ಸಾವಿರಕ್ಕೂ ಹೆಚ್ಚು ಮರ ಕಡಿಸಿತ್ತು. ಅಧಿಕಾರಿಗಳಿಗೆ ತಲಾ 25,000 ರೂಪಾಯಿ. ಗರಗಸ ಅವರೇ, ನಿಮ್ಮ ಪ್ರಶ್ನೆ ಇಲ್ಲಿದೆ, ನೀವೇ ಲೆಕ್ಕ ಹಾಕಿ.

ಗರಗಸ

ಅದನ್ನೇ ಅಲ್ವಾ ನಾನು ಹೇಳಿದ್ದು. ಥ್ಯಾಂಕ್ಸ್.

ಪರಮಟ್ಟಾಪುಟ್ಟಿ

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೌನ್ಸಿಲ್ಲೇ ಕೆಲವು ವರ್ಷಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಬೀದಿ ಮರ ಕಡಿಸಿತು, ರಸ್ತೆ ಗುತ್ತಿಗೆಯ ಹೆಸರಲ್ಲಿ. ಅಡ್ಡ ನಿಂತ ವಯಸ್ಸಾದವರನ್ನು ಪೊಲೀಸರು ಹಿಡಿದುಕೊಂಡು ಹೋದರು. ಕೊನೆಗೆ ವಿಚಾರಣೆ ನಡೆದು 2023ರಲ್ಲಿ ವರದಿ ಬಂತು, ಕೌನ್ಸಿಲ್ ಕ್ಷಮೆ ಕೇಳಿತು. ಕ್ಷಮೆ ಕೇಳಿಸಿಕೊಳ್ಳಲು ಮರ ಇರಲಿಲ್ಲ ಅಷ್ಟೇ.

ಅದೇ ದೇಶದಲ್ಲಿ ಒಂದು ಗೋಡೆಯ ಪಕ್ಕದ ಪ್ರಸಿದ್ಧ ಸಿಕಮೋರ್ ಮರ ಕಡಿದ ಇಬ್ಬರಿಗೆ 2025ರಲ್ಲಿ ನಾಲ್ಕು ವರ್ಷ ಮೂರು ತಿಂಗಳು ಜೈಲು ಆಯಿತು. ಹೇಗೆ ಸಿಕ್ಕಿಬಿದ್ದರು? ಕಡಿಯುವುದನ್ನು ಅವರೇ ಫೋನಿನಲ್ಲಿ ವಿಡಿಯೊ ಮಾಡಿಕೊಂಡಿದ್ದರು!

ಎರಡನೇಮಹಡಿ

ನಮ್ಮವರು ಅಷ್ಟು ದಡ್ಡರಲ್ಲ, ರೀಲ್ಸ್ ಮಾಡುವವರಾಗಿದ್ದರೂ.

ಹೊಂಗೆನೆರಳು (ಶನಿವಾರ, ಸಂಜೆ)

ಎಲ್ಲರಿಗೂ ಥ್ಯಾಂಕ್ಸ್. ಆಗಿದ್ದು ಹೇಳುತ್ತೇನೆ.

ಸಿಸಿಟಿವಿ ಸಿಕ್ಕಿತು. ಎದುರು ಮನೆಯ ಅಜ್ಜಿಯ ಮಗ ಹೊರದೇಶದಲ್ಲಿದ್ದಾನೆ, ಅವನೇ ಅಲ್ಲಿಂದ ತೆಗೆದು ಕಳಿಸಿದ. ನಾಳೆ ಅಳಿಸಿಹೋಗುತ್ತಿತ್ತಂತೆ. ನಿವೃತ್ತಖಾಕಿ ಅವರಿಗೆ ಒಂದು ದೊಡ್ಡ ನಮಸ್ಕಾರ. 6:12ಕ್ಕೆ ಟಿಪ್ಪರ್ ಬರುತ್ತದೆ, ನಂಬರ್ ಅರ್ಧ ಕಾಣುತ್ತದೆ. ಹೊರಗೆ ಹೋಗುವಾಗ ಪೂರ್ತಿ ಕಾಣುತ್ತದೆ, ದಿಮ್ಮಿಯೂ ಕಾಣುತ್ತದೆ.

ಫೋಟೋ ಹುಡುಕಲು ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಬಂದಿದ್ದು ನೋಡಿ ಅಳು ಬಂತು, ನಗುವೂ ಬಂತು. ಒಬ್ಬರೂ ಮರದ ಫೋಟೋ ತೆಗೆದಿಲ್ಲ. ಎಲ್ಲದರಲ್ಲೂ ಮರ ಹಿಂದೆ ನಿಂತಿದೆ. ಗಣೇಶನ ಮೆರವಣಿಗೆ ಹಿಂದೆ, ರಾಜ್ಯೋತ್ಸವದ ಬಾವುಟದ ಹಿಂದೆ, ಯಾರದೋ ಹೊಸ ಕಾರಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುವಾಗ ಅದರ ಹಿಂದೆ. ಇಸ್ತ್ರಿಯವರ ಮಗಳು ಕಾಂಡಕ್ಕೆ ಒರಗಿ ನಿಂತ ಫೋಟೋ ಒಂದಿದೆ, ಶಾಲೆಯ ಮೊದಲ ದಿನದ್ದು. ಮ್ಯಾಪಿನ ಬೀದಿ ಚಿತ್ರದಲ್ಲೂ ಮರ ಇದೆ, ಪಕ್ಕದಲ್ಲಿ ವಿದ್ಯುತ್ ಕಂಬ, ಅದರ ನಂಬರ್ ಓದಬಹುದು. ಕಂಬ ಇವತ್ತೂ ಅಲ್ಲೇ ಇದೆ.

ಎಲ್ಲ ಪ್ರಿಂಟ್ ತೆಗೆದು ಕಚೇರಿಗೂ ಠಾಣೆಗೂ ಕೊಟ್ಟಿದ್ದೇನೆ. ಸ್ವೀಕೃತಿ ಸೀಲ್ ಹಾಕಿಸಿಕೊಂಡೆ, ಅದಕ್ಕೇ ಮುಕ್ಕಾಲು ಗಂಟೆ. ರೆಂಬೆ ಪತ್ರದ ಪ್ರತಿ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿ ಫೀಸು, 150 ಪದ ದಾಟಬಾರದು, ಒಂದೇ ವಿಷಯ ಇರಬೇಕು ಅಂದರು. ನನ್ನ ಸಿಟ್ಟನ್ನು 150 ಪದಕ್ಕೆ ಇಳಿಸಿದ್ದು ಈ ವಾರದ ಸಾಧನೆ.

ವಕಾಲತ್ತು

ತುಂಬಾ ಚೆನ್ನಾಗಿ ಮಾಡಿದ್ದೀರಿ. ಮಹಜರಿಗೆ ಬಂದಾಗ ನೀವು ಅಲ್ಲೇ ಇರಿ. ಬರೆದಿದ್ದನ್ನು ಓದದೆ ಸಹಿ ಹಾಕಬೇಡಿ.

ಹೊಂಗೆನೆರಳು (ಮುಂದಿನ ಗುರುವಾರ)

ಮಹಜರು ಆಯಿತು. ಇಬ್ಬರು ಬಂದಿದ್ದರು. ಚಿಕ್ಕ ವಯಸ್ಸಿನವರು ಒಬ್ಬರು, ಅವರಿಗೆ ನಿಜವಾಗಲೂ ಬೇಜಾರಾಗಿತ್ತು ಅನಿಸಿತು. ಕಟ್ಟಡದ ಕಡೆಯವರು "ಇಲ್ಲಿ ಏನೂ ಇರಲಿಲ್ಲ, ಒಂದು ಒಣಗಿದ ಗಿಡ ಇತ್ತು" ಅಂದರು. ಮುಂದಿನ ಬಾಗಿಲಿಗೆ ಮರ ಅಡ್ಡ ಬಂದರೆ ದ್ವಾರವೇಧ ಅಂತ ವಾಸ್ತುವಿನವರು ಹೇಳಿದ್ದರು ಅನ್ನುವುದನ್ನೂ ಅವರೇ ಬಾಯಿಬಿಟ್ಟರು. ಇಲ್ಲದ ಮರ ಬಾಗಿಲಿಗೆ ಹೇಗೆ ಅಡ್ಡ ಬಂತೋ.

ಆ ಚಿಕ್ಕವರು ಒಂದು ಸಲಾಕೆ ತರಿಸಿ ನಾಲ್ಕು ಟೈಲ್ಸ್ ಎಬ್ಬಿಸಿದರು. ಟೈಲ್ಸ್ ಕೆಳಗೆ ಸಿಮೆಂಟ್, ಅದರ ಕೆಳಗೆ ಜಲ್ಲಿಪುಡಿ, ಅದರ ಕೆಳಗೆ ಸಡಿಲ ಕೆಂಪು ಮಣ್ಣು. ಒಂದೂವರೆ ಅಡಿ ಕೆದಕಿದ ಮೇಲೆ ಬೇರು ಸಿಕ್ಕಿತು. ನನ್ನ ಮಣಿಕಟ್ಟಿನಷ್ಟು ದಪ್ಪ. ಜೆಸಿಬಿ ಹಲ್ಲಿನಿಂದ ಹರಿದ ತುದಿ, ನಾರು ನಾರು. ಉಗುರಿನಿಂದ ಗೀರಿದರೆ ಒಳಗೆ ಇನ್ನೂ ಹಸಿ ಇತ್ತು. ಅವರು ಅದನ್ನು ಮೂಸಿ ನೋಡಿ "ಹೊಂಗೆಯೇ" ಅಂದರು. ಆಮೇಲೆ ಕಂಬದಿಂದ ಎಷ್ಟು ದೂರ ಅಂತ ಟೇಪ್ ಹಿಡಿದು ಬರೆದುಕೊಂಡರು. ಫೋಟೋದಲ್ಲಿದ್ದ ಕಂಬದ ಅಗಲ ಇಟ್ಟುಕೊಂಡು ಕಾಂಡದ ಸುತ್ತಳತೆ ಸುಮಾರು 150 ಸೆಂ.ಮೀ. ಅಂತ ಅಂದಾಜು ಬರೆದರು.

ಪ್ರಕರಣ ದಾಖಲಾಗಿದೆ. ಶಿಕ್ಷೆ ಆಗುತ್ತಾ, ಯಾವಾಗ, ನನಗೆ ಅಂಥ ಆಸೆ ಏನಿಲ್ಲ. ಆದರೆ "ಮರ ಇತ್ತು" ಅಂತ ಸರ್ಕಾರಿ ಕಾಗದದಲ್ಲಿ ಬಂತು.

ನಿವೃತ್ತಖಾಕಿ

ಅರ್ಧ ಕೇಸು ಅಲ್ಲೇ ಗೆದ್ದಿರಿ.

ಈಗ ನನ್ನ ಹಳೇ ನೋವು ಹೇಳುತ್ತೇನೆ, ಸಹಿಸಿಕೊಳ್ಳಿ. ಮರಗಳ ಗಣತಿ ಮಾಡಬೇಕು ಅಂತ 1976ರ ಕಾಯ್ದೆಯಲ್ಲೇ ಇದೆ. ವೃಕ್ಷ ಪ್ರಾಧಿಕಾರದ ಕೆಲಸಗಳಲ್ಲಿ ಅದೂ ಒಂದು. ಅದನ್ನೇ ಮಾಡಿ ಅಂತ ಮತ್ತೆ ಹೈಕೋರ್ಟ್ ಹೇಳಬೇಕಾಯಿತು, ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯ ನೆರವು ತೆಗೆದುಕೊಳ್ಳಬೇಕಾಯಿತು. ಈಗ ಪಾಲಿಕೆ ಐದಾಗಿದೆ. ಫೈಲುಗಳೂ ಐದು ಕಡೆ. 1980ರ ದಶಕದಲ್ಲಿ ನೇಗಿನಹಾಳ ಅನ್ನುವ ಅರಣ್ಯಾಧಿಕಾರಿ ಈ ಊರಿನ ರಸ್ತೆಗಳಲ್ಲಿ 15 ಲಕ್ಷ ಗಿಡ ನೆಡಿಸಿದರು. ಈಗಿನವರಿಗೆ ಹೆಸರೂ ಗೊತ್ತಿಲ್ಲ. ನೀವು ನೆರಳಲ್ಲಿ ಗಾಡಿ ನಿಲ್ಲಿಸುವ ಎಷ್ಟೋ ಹೊಂಗೆ, ನೇರಳೆ, ಕಾಪರ್‌ಪಾಡ್ ಅವರ ಕಾಲದ್ದು. ನೆಟ್ಟ ಲೆಕ್ಕ ಇದೆ, ಉಳಿದ ಲೆಕ್ಕ ಬೀದಿ ಬೀದಿಗೆ ಕೇಳಿದರೆ ಇಲ್ಲ. ಲೆಕ್ಕಕ್ಕೇ ಇಲ್ಲದ ಮರ ಕದ್ದರೆ ಕಳ್ಳತನ ಅಂತ ಸಾಬೀತು ಮಾಡುವುದು ಹೇಗೆ?

ಲಂಡನ್ನಿನಲ್ಲಿ ಪ್ಲೇನ್ ಅನ್ನುವ ಜಾತಿಯ ಒಂದು ಮರಕ್ಕೆ 2008ರಲ್ಲಿ ಏಳೂವರೆ ಲಕ್ಷ ಪೌಂಡ್ ಬೆಲೆ ಕಟ್ಟಿದ್ದರು ಅಂತ ಓದಿದ್ದೆ. ಸುತ್ತಳತೆ, ಆರೋಗ್ಯ, ಸುತ್ತ ಎಷ್ಟು ಜನ ಇದ್ದಾರೆ ಅನ್ನುವುದನ್ನೆಲ್ಲ ಸೇರಿಸಿ. ನಾವು ಮಹಜರಿನಲ್ಲಿ ಬರೆಯುವುದು ಸೌದೆಯ ರೇಟು. ಅಲ್ಲಿಗೂ ಇಲ್ಲಿಗೂ ಅಷ್ಟೇ ವ್ಯತ್ಯಾಸ.

ಎರಡನೇಮಹಡಿ

ಹಾಗಾದರೆ ನಾವೇ ಎಣಿಸೋಣ ಅಲ್ವಾ? ನಮ್ಮ ಟೊಳ್ಳು ಗುಲ್‌ಮೊಹರ್ ಸೇರಿಸಿ. ಅಪಾಯ ಅಂತ ಬರೆದಿಟ್ಟರೆ ನಾಳೆ ಬಿದ್ದಾಗಲೂ ದಾಖಲೆ, ಕಡಿದಾಗಲೂ ದಾಖಲೆ.

ಹೊಂಗೆನೆರಳು

ನಾನೂ ಅದನ್ನೇ ಬರೆಯಬೇಕು ಅಂತಿದ್ದೆ. ನಮ್ಮ ಬೀದಿಯಲ್ಲಿ ಇನ್ನು ಹನ್ನೊಂದು ಉಳಿದಿವೆ. ಪ್ರತಿಯೊಂದಕ್ಕೂ ಒಂದು ಫೋಟೋ, ಫೋಟೋದಲ್ಲಿ ಮನೆ ನಂಬರ್ ಇಲ್ಲಾ ಕಂಬದ ನಂಬರ್ ಕಾಣಬೇಕು. ಎದೆಮಟ್ಟದಲ್ಲಿ ಸುತ್ತಳತೆ. ಜಾತಿ. ಜಾಗದ ಗುರುತು ಫೋನಿನಿಂದ. ಪಟ್ಟಿ ಮಾಡಿ ಕಚೇರಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳುವುದು. ಈ ಭಾನುವಾರ ಬೆಳಗ್ಗೆ ಏಳಕ್ಕೆ. ಭಾನುವಾರವೇ ಯಾಕೆ ಅಂತ ಕೇಳಬೇಡಿ.

ಗರಗಸ

ಮೂಲೆಯ ಸಿಲ್ವರ್ ಓಕ್ ಲೆಕ್ಕಕ್ಕೆ ಬೇಕಾ? ಅದಕ್ಕೆ ವಿನಾಯಿತಿ ಅಂದರಲ್ಲ.

ನಿವೃತ್ತಖಾಕಿ

ಅನುಮತಿಯಿಂದ ವಿನಾಯಿತಿ, ಎಣಿಕೆಯಿಂದ ಅಲ್ಲ. ಫುಟ್‌ಪಾತಿನಲ್ಲಿದ್ದರೆ ಬರೆಯಿರಿ. ಅಂದಹಾಗೆ ನಿಮಗೆ ಆ ಮೂಲೆಯಲ್ಲಿ ಸಿಲ್ವರ್ ಓಕ್ ಇದೆ ಅಂತ ಹೇಗೆ ಗೊತ್ತು?

ಗರಗಸ

ಅದೇ ಬೀದಿಯ ಆಚೆ ತುದಿಯಲ್ಲಿ ನನ್ನ ಮನೆ. ಹೇಳಿರಲಿಲ್ಲ ಅಷ್ಟೇ.

ಕಾಫಿಬೈಟು

ಅಯ್ಯೋ!

ಹೊಂಗೆನೆರಳು

ಹಾಗಿದ್ದರೆ ನೀವೂ ಬನ್ನಿ. ನನ್ನ ಹತ್ತಿರ ಇರುವುದು ಹೊಲಿಗೆ ಟೇಪ್, 150 ಸೆಂ.ಮೀ. ಅಷ್ಟೇ. ಪಾರ್ಕ್ ಹತ್ತಿರದ ಮಳೆಮರಕ್ಕೆ ಅರ್ಧವೂ ಬರಲ್ಲ. ಉದ್ದದ್ದು ಯಾರ ಹತ್ತಿರ ಇದೆ?

ಗರಗಸ

ನನ್ನ ಹತ್ತಿರ 30 ಮೀಟರ್‌ದು ಇದೆ. ಸೈಟ್ ಅಳೆಯಲು ತಂದಿದ್ದು. ತರುತ್ತೇನೆ. ಏಳಕ್ಕೆ ಕಾಫಿ ಯಾರ ಮನೆಯಲ್ಲಿ?